ದಿನನಿತ್ಯದ ಬಿಲ್ ಪಾವತಿ ಮತ್ತು ಕ್ರೆಡಿಟ್ ಸ್ಕೋರ್: ಬೆಂಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಕರೆಂಟ್, ನೀರು, ಮೊಬೈಲ್, ಇಂಟರ್‌ನೆಟ್, ಬಾಡಿಗೆ ಎಲ್ಲವನ್ನೂ ವರ್ಷಗಟ್ಟಲೆ ತಪ್ಪದೆ ಕಟ್ಟಿಕೊಂಡು ಬಂದವರು ಮೊದಲ ಬಾರಿಗೆ ಸಾಲ ಕೇಳಲು ಬ್ಯಾಂಕಿಗೆ ಹೋದಾಗ, ‘ನಿಮಗೆ ಸಿಬಿಲ್ ಸ್ಕೋರೇ ಇಲ್ಲವಲ್ಲ’ ಎಂಬ ಮಾತು ಕೇಳಿ ತಬ್ಬಿಬ್ಬಾಗುವುದುಂಟು. ಸಾಲ ತೀರಿಸುವ ಶಿಸ್ತನ್ನು ಅಳೆಯುವ ಅಂಕಿಯೇ ಈ ಸ್ಕೋರ್. ಬಿಲ್ ಪಾವತಿಗೂ ಅದಕ್ಕೂ ನಮ್ಮ ದೇಶದಲ್ಲಿ ಇರುವ ನಂಟು ಎಷ್ಟು, ಇಲ್ಲದ್ದು ಎಷ್ಟು, ಇರುವಷ್ಟನ್ನು ಬಳಸಿಕೊಳ್ಳುವ ಬಗೆ ಯಾವುದು ಎಂಬ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ಹತ್ತು ವರ್ಷದಿಂದ ಬೆಸ್ಕಾಂ ಬಿಲ್ ಒಂದು ತಿಂಗಳೂ ತಪ್ಪಿಸಿಲ್ಲ. ಇದರಿಂದ ನನ್ನ ಸ್ಕೋರ್ ಏರಿರುತ್ತದೆಯೇ?

ಇಲ್ಲ. ಬೆಸ್ಕಾಂ ಆಗಲಿ ಜಲಮಂಡಳಿ ಆಗಲಿ ಸಾಲ ಕೊಡುವ ಸಂಸ್ಥೆಗಳಲ್ಲ. ಗ್ರಾಹಕರು ಬಿಲ್ ಕಟ್ಟಿದ ವಿವರವನ್ನು ಅವು, ಸ್ಕೋರ್ ಲೆಕ್ಕ ಹಾಕುವ ಕ್ರೆಡಿಟ್ ಮಾಹಿತಿ ಕಂಪನಿಗಳಿಗೆ ಕಳುಹಿಸುವುದಿಲ್ಲ. ಕಳುಹಿಸಬೇಕೆಂದರೂ ಅದು ಸುಲಭದ ಕೆಲಸವಲ್ಲ. ಕರೆಂಟ್ ಸಂಪರ್ಕವನ್ನು ಗುರುತಿಸುವುದು ಆರ್‌ಆರ್ ನಂಬರ್ ಮತ್ತು ಅಕೌಂಟ್ ಐಡಿಯಿಂದ. ಸ್ಕೋರ್ ನಿಂತಿರುವುದು ಪ್ಯಾನ್, ಹೆಸರು, ಹುಟ್ಟಿದ ದಿನಾಂಕದ ಮೇಲೆ. ಬಾಡಿಗೆ ಮನೆಯಲ್ಲಿದ್ದರೆ ಬಿಲ್ಲಿನ ಮೇಲಿರುವುದು ಮನೆ ಮಾಲೀಕರ ಹೆಸರು. ಸ್ವಂತ ಮನೆಯಾದರೂ ಎಷ್ಟೋ ಕಡೆ ತೀರಿಕೊಂಡ ತಂದೆಯ ಹೆಸರೋ ಬಿಲ್ಡರ್ ಹೆಸರೋ ಇನ್ನೂ ಹಾಗೆಯೇ ಉಳಿದಿರುತ್ತದೆ. ಹೀಗಿರುವಾಗ ಹಣ ಕಟ್ಟಿದವರು ಯಾರು ಎಂಬುದೇ ಆ ಬಿಲ್ಲಿನಿಂದ ಗೊತ್ತಾಗುವುದಿಲ್ಲ.

ಹಾಗಾದರೆ ಸ್ಕೋರ್ ಎಲ್ಲಿಂದ ಬರುತ್ತದೆ?

2005ರ ಕ್ರೆಡಿಟ್ ಮಾಹಿತಿ ಕಂಪನಿಗಳ ನಿಯಂತ್ರಣ ಕಾಯ್ದೆಯಡಿ ರಿಸರ್ವ್ ಬ್ಯಾಂಕಿನ ಅನುಮತಿ ಪಡೆದ ನಾಲ್ಕು ಕಂಪನಿಗಳು ನಮ್ಮಲ್ಲಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಕ್ರಿಫ್ ಹೈಮಾರ್ಕ್. ಎಲ್ಲಕ್ಕಿಂತ ಮೊದಲು ಬಂದದ್ದು ಸಿಬಿಲ್ ಆದ್ದರಿಂದ ಜನರ ಬಾಯಲ್ಲಿ ಸ್ಕೋರ್ ಎಂದರೆ ಸಿಬಿಲ್ ಎಂದೇ ಆಗಿದೆ. ಬ್ಯಾಂಕುಗಳು, ಬ್ಯಾಂಕೇತರ ಹಣಕಾಸು ಕಂಪನಿಗಳು, ಕಾರ್ಡ್ ಕಂಪನಿಗಳು ತಮ್ಮ ಸಾಲಗಾರರ ಲೆಕ್ಕವನ್ನು ಈ ನಾಲ್ಕಕ್ಕೂ ಒಪ್ಪಿಸಬೇಕು. 2025ರ ಜನವರಿ 1ರಿಂದ ಇದನ್ನು ಕನಿಷ್ಠ ಹದಿನೈದು ದಿನಕ್ಕೊಮ್ಮೆ ಮಾಡಬೇಕೆಂಬ ನಿಯಮ ಬಂತು. ಯಾವ ಸಾಲ, ಎಷ್ಟು ಮಿತಿ, ಎಷ್ಟು ಬಾಕಿ, ಕಂತು ಗಡುವಿನೊಳಗೆ ಬಂತೇ, ತಡವಾದರೆ ಎಷ್ಟು ದಿನ, ಇತ್ತೀಚೆಗೆ ಎಷ್ಟು ಕಡೆ ಹೊಸ ಸಾಲಕ್ಕೆ ಅರ್ಜಿ ಹಾಕಿದ್ದೀರಿ ಎಂಬ ಸಂಗತಿಗಳು ನಿಮ್ಮ ಕ್ರೆಡಿಟ್ ವರದಿಯಲ್ಲಿ ದಾಖಲಾಗಿ, ಅವುಗಳಿಂದ 300ರಿಂದ 900ರ ನಡುವಿನ ಒಂದು ಅಂಕಿ ಹುಟ್ಟುತ್ತದೆ.

ಸಂಬಳ ಎಷ್ಟು, ಉಳಿತಾಯ ಖಾತೆಯಲ್ಲಿ ಹಣ ಎಷ್ಟಿದೆ, ಎಷ್ಟು ನಿವೇಶನಗಳಿವೆ ಎಂಬುದು ಇದರಲ್ಲಿ ಸೇರುವುದಿಲ್ಲ. ಸಾಲವನ್ನೇ ಮಾಡದ ಶಿಸ್ತಿನ ಮನುಷ್ಯ ಈ ವ್ಯವಸ್ಥೆಯ ಕಣ್ಣಿಗೆ ಅಪರಿಚಿತ. ಇದು ನ್ಯಾಯವೇ ಎಂದು ಕೇಳಿದರೆ ಅಷ್ಟೇನೂ ಅಲ್ಲ ಎನ್ನಬೇಕಾಗುತ್ತದೆ, ಆದರೆ ಸದ್ಯದ ಕಟ್ಟಳೆ ಇದೇ.

‘ಬಿಲ್ ಕಟ್ಟಿ ಸ್ಕೋರ್ ಹೆಚ್ಚಿಸಿಕೊಳ್ಳಿ’ ಎಂಬ ಸಲಹೆಯನ್ನು ಎಲ್ಲೆಡೆ ಓದುತ್ತೇವೆ. ಅದು ಸುಳ್ಳೇ?

ಸುಳ್ಳಲ್ಲ, ಆದರೆ ಅದು ಬಹುಮಟ್ಟಿಗೆ ಅಮೆರಿಕದ ಮಾತು. ಅಲ್ಲಿ ಎಕ್ಸ್‌ಪೀರಿಯನ್ ಕಂಪನಿ 2019ರಲ್ಲಿ ಬೂಸ್ಟ್ ಎಂಬ ಉಚಿತ ಸೇವೆ ಆರಂಭಿಸಿತು. ಗ್ರಾಹಕರು ತಮ್ಮ ಬ್ಯಾಂಕ್ ಖಾತೆಯನ್ನು ಜೋಡಿಸಿ ಒಪ್ಪಿಗೆ ಕೊಟ್ಟರೆ, ವಿದ್ಯುತ್, ಫೋನ್ ಮುಂತಾದ ಬಿಲ್‌ಗಳನ್ನು ನಿಯಮಿತವಾಗಿ ಕಟ್ಟಿದ ದಾಖಲೆಯನ್ನು ಅದು ಹುಡುಕಿ ತನ್ನ ವರದಿಗೆ ಸೇರಿಸುತ್ತದೆ. ಪರಿಣಾಮ ಕಾಣುವುದು ಎಕ್ಸ್‌ಪೀರಿಯನ್ ವರದಿಯನ್ನು ಆಧರಿಸಿದ ಸ್ಕೋರ್‌ಗಳಲ್ಲಿ ಮಾತ್ರ; ಸಾಲ ಕೊಡುವವರು ಬೇರೆ ಕಂಪನಿಯ ವರದಿ ನೋಡಿದರೆ ಅದರಿಂದ ಉಪಯೋಗವಿಲ್ಲ. ಬಾಡಿಗೆ ಪಾವತಿಯನ್ನು ವರದಿ ಮಾಡುವ ಸೇವೆಗಳೂ ಆ ದೇಶದಲ್ಲಿವೆ.

ಓದಲು ಅಥವಾ ಕೆಲಸಕ್ಕೆಂದು ಅಮೆರಿಕಕ್ಕೆ ಹೋದ ಮಕ್ಕಳು ಊರಿಗೆ ಫೋನ್ ಮಾಡಿ ‘ಅಪ್ಪಾ, ನೀವೂ ಹೀಗೆ ಮಾಡಿ’ ಎಂದಾಗ ಗೊಂದಲ ಶುರುವಾಗುತ್ತದೆ. ಎರಡೂ ಕಡೆ ಎಕ್ಸ್‌ಪೀರಿಯನ್ ಎಂಬ ಹೆಸರೇ ಇದ್ದರೂ ಎರಡು ದೇಶಗಳ ದಾಖಲೆಗಳು ಬೇರೆಬೇರೆ. ಇಲ್ಲಿನ 800 ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಅಲ್ಲಿ ಗಳಿಸಿದ್ದು ಇಲ್ಲಿನ ವರದಿಗೆ ಸೇರುವುದಿಲ್ಲ.

ಹಾಗಿದ್ದರೆ ನಮ್ಮ ಬಿಲ್‌ಗಳಿಂದ ಸ್ಕೋರ್‌ಗೆ ಏನೂ ಪ್ರಯೋಜನವಿಲ್ಲವೇ?

ಇದೆ, ಆದರೆ ಬಳಸು ದಾರಿಯಲ್ಲಿ. ಬಿಲ್ ಕಟ್ಟಿದ ಸಂಗತಿ ವರದಿಗೆ ಹೋಗುವುದಿಲ್ಲ. ಬಿಲ್ಲನ್ನು ಕ್ರೆಡಿಟ್ ಕಾರ್ಡಿನಿಂದ ಕಟ್ಟಿ, ಆ ಕಾರ್ಡಿನ ಬಾಕಿಯನ್ನು ಗಡುವಿನೊಳಗೆ ಪೂರ್ತಿ ತೀರಿಸಿದರೆ, ತೀರಿಸಿದ ಸಂಗತಿ ಹೋಗುತ್ತದೆ. ಹೇಗಿದ್ದರೂ ಪ್ರತಿ ತಿಂಗಳು ಮಾಡಲೇಬೇಕಾದ ಖರ್ಚನ್ನು ಒಂದು ಕಾರ್ಡಿನ ಮೂಲಕ ಹಾಯಿಸಿದರೆ ಹೊಸ ಖರ್ಚಿಲ್ಲದೆ ಸಾಲದ ಇತಿಹಾಸ ಬೆಳೆಯುತ್ತದೆ.

ಒಂದು ಉದಾಹರಣೆ ನೋಡಿ. ವಿಜಯನಗರದ ಒಂದು ಮನೆಯಲ್ಲಿ ₹50,000 ಮಿತಿಯ ಕಾರ್ಡ್ ಇದೆ ಎಂದುಕೊಳ್ಳೋಣ. ಕರೆಂಟಿಗೆ ₹1,640, ನೀರಿಗೆ ₹720, ಇಂಟರ್‌ನೆಟ್‌ಗೆ ತೆರಿಗೆ ಸೇರಿ ₹943, ಪೋಸ್ಟ್‌ಪೇಯ್ಡ್ ಮೊಬೈಲ್‌ಗೆ ₹589, ದಿನಸಿಗೆ ₹5,500. ಒಟ್ಟು ₹9,392, ಅಂದರೆ ಮಿತಿಯ ಶೇ 19ರಷ್ಟು. ಸ್ಟೇಟ್‌ಮೆಂಟ್ 18ನೇ ತಾರೀಕು ಬರುತ್ತದೆ, ಕಟ್ಟಲು ಮುಂದಿನ ತಿಂಗಳ 7ರವರೆಗೆ ಸಮಯವಿದೆ. ಸಂಬಳ ಬಂದ ಮೇಲೆ 3ನೇ ತಾರೀಕಿನೊಳಗೆ ಪೂರ್ತಿ ₹9,392 ಕಟ್ಟಿದರೆ ಬಡ್ಡಿ ಒಂದು ರೂಪಾಯಿಯೂ ಬೀಳುವುದಿಲ್ಲ, ವರದಿಯಲ್ಲಿ ಆ ತಿಂಗಳ ಚೌಕದೊಳಗೆ ವಿಳಂಬವಿಲ್ಲ ಎಂಬ ಗುರುತು ಬೀಳುತ್ತದೆ. ಸಿಬಿಲ್ ವರದಿಯಲ್ಲಿ ಪ್ರತಿ ಖಾತೆಗೂ ಇಂಥ ಚೌಕಗಳ ಸಾಲು 36 ತಿಂಗಳಷ್ಟು ಹಿಂದಕ್ಕೆ ಹೋಗುತ್ತದೆ. ಗಡುವು ಮೀರಿದ ತಿಂಗಳಿದ್ದರೆ ಎಷ್ಟು ದಿನ ಮೀರಿತು ಎಂಬ ಸಂಖ್ಯೆ ಅಲ್ಲೇ ಕಾಣುತ್ತದೆ. ಸಾಲ ಮಂಜೂರು ಮಾಡುವವರು ಸ್ಕೋರ್ ನೋಡಿ ಸುಮ್ಮನಾಗದೆ ಈ ಚೌಕಗಳ ಮೇಲೂ ಕಣ್ಣಾಡಿಸುತ್ತಾರೆ.

ತಿಂಗಳ ಕೊನೆಗೆ ಕಾರ್ಡ್ ಬಾಕಿ ತೀರಿಸುವ ಹಣ ಖಾತೆಯಲ್ಲಿ ಉಳಿಯುವುದಿಲ್ಲ ಎಂಬ ಮನೆಯವರಿಗೆ ಈ ದಾರಿ ಬೇಡವೇ ಬೇಡ. ಅಂಥವರು ಬಿಲ್‌ಗಳನ್ನು ಬ್ಯಾಂಕ್ ಖಾತೆಯಿಂದಲೇ ಕಟ್ಟುವುದು ಲೇಸು.

ಮಿತಿಯಲ್ಲಿ ಎಷ್ಟು ಭಾಗ ಬಳಸಬಹುದು?

ಶೇ 30ರೊಳಗೆ ಇರಲಿ ಎಂಬುದು ರೂಢಿಯಲ್ಲಿರುವ ಸಲಹೆ. ಇದು ಕಾನೂನಲ್ಲ, ಶೇ 31 ಆದ ಕೂಡಲೇ ಸ್ಕೋರ್ ಕುಸಿಯುವುದೂ ಇಲ್ಲ. ಆದರೆ ಪ್ರತಿ ತಿಂಗಳೂ ಮಿತಿಯ ಅಂಚಿಗೆ ಹೋಗುವವರು ಹಣದ ಅಡಚಣೆಯಲ್ಲಿದ್ದಾರೆ ಎಂದು ಲೆಕ್ಕ ಹಾಕಲಾಗುತ್ತದೆ.

ಬಹುಪಾಲು ಜನರಿಗೆ ತಿಳಿಯದ ಸಂಗತಿ ಎಂದರೆ, ನೀವು ಗಡುವಿನೊಳಗೆ ಪೂರ್ತಿ ಕಟ್ಟುವವರಾದರೂ ವರದಿ ತಯಾರಾಗುವ ದಿನ ಕಾರ್ಡಿನಲ್ಲಿದ್ದ ಬಾಕಿಯೇ ವರದಿಗೆ ಹೋಗುತ್ತದೆ. ಮೇಲಿನ ಮನೆಯವರು ಅದೇ ತಿಂಗಳು ₹32,000ದ ಫ್ರಿಜ್ಜನ್ನೂ ಅದೇ ಕಾರ್ಡಿನಲ್ಲಿ ಕೊಂಡರೆ ಬಾಕಿ ₹41,392 ಆಗಿ ಬಳಕೆ ಶೇ 83ಕ್ಕೆ ಏರುತ್ತದೆ. ಸ್ಟೇಟ್‌ಮೆಂಟ್ ಬರುವ ಮೊದಲೇ, ಅಂದರೆ 18ಕ್ಕೆ ಮುಂಚೆ, ₹30,000 ಕಟ್ಟಿಬಿಟ್ಟರೆ ಉಳಿಯುವುದು ₹11,392, ಅಂದರೆ ಶೇ 23. ಗೃಹಸಾಲಕ್ಕೆ ಅರ್ಜಿ ಹಾಕುವ ಯೋಚನೆ ಇರುವವರು ಅದಕ್ಕೆ ಎರಡು ಮೂರು ತಿಂಗಳು ಮುಂಚಿನಿಂದ ಈ ಎಚ್ಚರ ವಹಿಸಿದರೆ ಸಾಕು. ಜೀವನವಿಡೀ ಇದನ್ನೇ ಲೆಕ್ಕ ಹಾಕುತ್ತ ಕೂರಬೇಕಾಗಿಲ್ಲ.

ನಿಮ್ಮ ಸ್ಟೇಟ್‌ಮೆಂಟ್ ದಿನಾಂಕ ಸಂಬಳದ ದಿನಕ್ಕೆ ಹೊಂದುತ್ತಿಲ್ಲವಾದರೆ ಅದನ್ನು ಕನಿಷ್ಠ ಒಮ್ಮೆಯಾದರೂ ಬದಲಿಸಿಕೊಳ್ಳುವ ಅವಕಾಶವನ್ನು ಕಾರ್ಡ್ ಕಂಪನಿಗಳು ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಗ್ರಾಹಕ ಸೇವೆಗೆ ಕೇಳಿ ನೋಡಿ.

ಸ್ಟೇಟ್‌ಮೆಂಟಿನಲ್ಲಿರುವ ‘ಮಿನಿಮಮ್ ಡ್ಯೂ’, ಅಂದರೆ ಕನಿಷ್ಠ ಬಾಕಿ, ಮಾತ್ರ ಕಟ್ಟಿದರೆ ಸಾಲದೇ?

ವರದಿಯಲ್ಲಿ ವಿಳಂಬದ ಗುರುತು ಬೀಳದಿರಲು ಅದು ಸಾಕಾಗಬಹುದು, ಜೇಬಿಗೆ ಸಾಕಾಗುವುದಿಲ್ಲ. ಉಳಿದ ಹಣಕ್ಕೆ ತಿಂಗಳಿಗೆ ಶೇ 3.5ರಂತೆ ಬಡ್ಡಿ ಹಾಕುವ ಕಾರ್ಡಾದರೆ ಅದು ವರ್ಷಕ್ಕೆ ಶೇ 42. ₹10,000 ಉಳಿಸಿಕೊಂಡರೆ ತಿಂಗಳಿಗೆ ₹350 ಬಡ್ಡಿ, ಅದರ ಮೇಲೆ ಶೇ 18 ಜಿಎಸ್‌ಟಿ ₹63. ಇದರ ಜೊತೆಗೆ ಬಡ್ಡಿಯಿಲ್ಲದ ಅವಧಿಯ ಸೌಲಭ್ಯವೂ ಕೈತಪ್ಪುವುದರಿಂದ ಮರುದಿನ ಕೊಂಡ ಹಾಲಿನ ಪ್ಯಾಕೆಟ್‌ಗೂ ಕೊಂಡ ದಿನದಿಂದಲೇ ಬಡ್ಡಿ ಓಡತೊಡಗುತ್ತದೆ. ಬಾಕಿ ಬೆಳೆದಂತೆ ಬಳಕೆಯ ಪ್ರಮಾಣವೂ ಬೆಳೆದು, ಕೊನೆಗೆ ಸ್ಕೋರ್‌ಗೂ ಪೆಟ್ಟು ಬೀಳುತ್ತದೆ. ‘ಸ್ಕೋರ್ ಬೆಳೆಯಬೇಕಾದರೆ ಸ್ವಲ್ಪ ಬಾಕಿ ಉಳಿಸಿಕೊಳ್ಳಬೇಕು’ ಎಂಬ ಮಾತು ಕೆಲವರ ಬಾಯಲ್ಲಿದೆ. ಅದಕ್ಕೆ ಯಾವ ಆಧಾರವೂ ಇಲ್ಲ.

ಗಡುವು ಒಂದೆರಡು ದಿನ ಮೀರಿತು. ಸ್ಕೋರ್ ಹಾಳಾಯಿತೇ?

ಕ್ರೆಡಿಟ್ ಕಾರ್ಡಾದರೆ ಗಾಬರಿ ಬೇಡ. ಗಡುವು ಮುಗಿದು ಮೂರು ದಿನಕ್ಕಿಂತ ಹೆಚ್ಚಾದರೆ ಮಾತ್ರ ಕಾರ್ಡ್ ಕಂಪನಿ ವಿಳಂಬದ ದಂಡ ಹಾಕಬಹುದು, ಕ್ರೆಡಿಟ್ ಮಾಹಿತಿ ಕಂಪನಿಗೆ ಬಾಕಿದಾರರೆಂದು ವರದಿ ಮಾಡಬಹುದು. ಸಾಲದ ಇಎಂಐಗೆ ಈ ಮೂರು ದಿನದ ವಿನಾಯಿತಿ ಅನ್ವಯಿಸುವುದಿಲ್ಲ. ಅಲ್ಲಿ ಚೆಕ್ ಅಥವಾ ಆಟೊ ಡೆಬಿಟ್ ಬೌನ್ಸ್ ಆದರೆ ಬ್ಯಾಂಕ್ ಶುಲ್ಕವೂ ಬೀಳುತ್ತದೆ.

ನನಗೆ ಕಾರ್ಡೂ ಇಲ್ಲ, ಸಾಲವೂ ಇಲ್ಲ. ವರದಿಯಲ್ಲಿ ‘ಎನ್‌ಎಚ್’ ಎಂದಿದೆ. ಎಲ್ಲಿಂದ ಆರಂಭಿಸಲಿ?

‘ಎನ್‌ಎಚ್’ ಅಥವಾ ಮೈನಸ್ 1 ಎಂದರೆ ಸಾಲದ ಇತಿಹಾಸವಿಲ್ಲ ಎಂದಷ್ಟೇ ಅರ್ಥ. ಕೆಟ್ಟ ಹೆಸರಿದೆ ಎಂದಲ್ಲ. ಮೊದಲ ಸಾರಿ ಸಾಲ ಕೇಳುವವರ ಅರ್ಜಿಯನ್ನು ಇತಿಹಾಸವಿಲ್ಲ ಎಂಬ ಒಂದೇ ಕಾರಣಕ್ಕೆ ತಿರಸ್ಕರಿಸಬಾರದೆಂದು ರಿಸರ್ವ್ ಬ್ಯಾಂಕ್ ಹೇಳಿದೆ, ಸಾಲಕ್ಕೆ ಇಷ್ಟೇ ಕನಿಷ್ಠ ಸ್ಕೋರ್ ಇರಬೇಕೆಂದೂ ಅದು ಗೊತ್ತುಪಡಿಸಿಲ್ಲ. ಆದರೆ ಬ್ಯಾಂಕುಗಳು ತಮ್ಮದೇ ಅಳತೆಗೋಲು ಇಟ್ಟುಕೊಳ್ಳಬಹುದು, ಇಟ್ಟುಕೊಂಡಿವೆ.

ಎಲ್ಲಕ್ಕಿಂತ ಸುಲಭದ ಆರಂಭ ಎಂದರೆ ನಿಶ್ಚಿತ ಠೇವಣಿಯ ಮೇಲೆ ಕೊಡುವ ಕ್ರೆಡಿಟ್ ಕಾರ್ಡ್. ಸಂಬಳದ ಚೀಟಿ ಇಲ್ಲದ ಗೃಹಿಣಿಯರು, ನಿವೃತ್ತರು, ಹೂವಿನ ಅಂಗಡಿ ಅಥವಾ ಆಟೊ ನಡೆಸಿ ಬದುಕುವವರು ಕೂಡ ಒಂದಿಷ್ಟು ಹಣ ಎಫ್‌ಡಿ ಇಟ್ಟು, ಅದರ ಬಹುಭಾಗದಷ್ಟು ಮಿತಿಯ ಕಾರ್ಡ್ ಪಡೆಯಬಹುದು. ಠೇವಣಿಗೆ ಬಡ್ಡಿ ಬರುತ್ತಲೇ ಇರುತ್ತದೆ. ಆ ಕಾರ್ಡಿಗೆ ಕರೆಂಟ್ ಮತ್ತು ಮೊಬೈಲ್ ಬಿಲ್ ಎರಡನ್ನೇ ಹಾಕಿ, ಬಾಕಿಯನ್ನು ತಿಂಗಳು ತಿಂಗಳು ಪೂರ್ತಿ ತೀರಿಸುತ್ತಿದ್ದರೆ ಕೆಲವು ತಿಂಗಳಲ್ಲಿ ಸ್ಕೋರ್ ಹುಟ್ಟಿಕೊಳ್ಳುತ್ತದೆ.

ಗಂಡನ ಕಾರ್ಡಿನ ಮೇಲೆ ಆಡ್-ಆನ್ ಕಾರ್ಡ್ ಪಡೆದು ಬಿಲ್ ಕಟ್ಟುತ್ತಿರುವ ಮಹಿಳೆಯರು ಒಂದು ವಿಷಯ ಗಮನಿಸಬೇಕು. ಆ ಖಾತೆಯ ಹೊಣೆ ಮುಖ್ಯ ಕಾರ್ಡುದಾರರದು, ತೀರಿಸಿದ ಹೆಸರೂ ಅವರಿಗೇ ಹೋಗುತ್ತದೆ. ತಮ್ಮ ಹೆಸರಿನಲ್ಲಿ ಇತಿಹಾಸ ಬೆಳೆಯಬೇಕಾದರೆ ತಮ್ಮದೇ ಕಾರ್ಡ್ ಬೇಕು.

ಎಲ್ಲ ಬಿಲ್‌ಗಳನ್ನೂ ಯುಪಿಐ ಮೂಲಕ ಕಟ್ಟುತ್ತೇನೆ. ಅದು ಲೆಕ್ಕಕ್ಕೆ ಬರುವುದೇ?

ಹಣ ಉಳಿತಾಯ ಖಾತೆಯಿಂದ ಹೋಗುತ್ತಿದ್ದರೆ ಬರುವುದಿಲ್ಲ. ಸ್ಕ್ಯಾನ್ ಮಾಡಿದ್ದು ಯಾವ ಆ್ಯಪ್‌ನಿಂದ ಎಂಬುದು ಇಲ್ಲಿ ಮುಖ್ಯವಲ್ಲ, ಹಣ ಹೊರಟದ್ದು ಎಲ್ಲಿಂದ ಎಂಬುದು ಮುಖ್ಯ. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸುವ ಅವಕಾಶವಿದೆ; ಹಾಗೆ ಜೋಡಿಸಿ ಅಂಗಡಿಗೋ ಬಿಲ್ಲಿಗೋ ಪಾವತಿಸಿದರೆ ಅದು ಕಾರ್ಡಿನ ಬಾಕಿಯಾಗಿಯೇ ದಾಖಲಾಗುತ್ತದೆ. ಆದರೆ ಸ್ನೇಹಿತರ ಖಾತೆಗೆ ಹಣ ಕಳುಹಿಸಲು ಇದನ್ನು ಬಳಸಲಾಗದು. ಒಂದು ಚಿಕ್ಕ ಅಪಾಯವೂ ಇದೆ: ಒಂದೇ ಆ್ಯಪ್‌ನಲ್ಲಿ ಉಳಿತಾಯ ಖಾತೆಯೂ ಕಾರ್ಡೂ ಅಕ್ಕಪಕ್ಕ ಕುಳಿತಿರುವುದರಿಂದ, ದರ್ಶಿನಿಯ ಕಾಫಿ, ತರಕಾರಿ ಎಲ್ಲವೂ ಅರಿವಿಲ್ಲದೆ ಕಾರ್ಡಿನ ಮೇಲೆ ಬೀಳತೊಡಗುತ್ತವೆ.

ತಿಂಗಳಿಗೆ ₹25,000 ಬಾಡಿಗೆ ಕಟ್ಟುತ್ತೇನೆ. ಇಷ್ಟು ದೊಡ್ಡ ಮೊತ್ತಕ್ಕೂ ಬೆಲೆ ಇಲ್ಲವೇ?

ಮಾಲೀಕರ ಖಾತೆಗೆ ನೇರವಾಗಿ ಹೋಗುವ ಬಾಡಿಗೆ ವರದಿಯಲ್ಲಿ ಕಾಣುವುದಿಲ್ಲ. ಅಡ್ವಾನ್ಸ್ ಎಂದು ಕೊಟ್ಟ ಲಕ್ಷಾಂತರ ರೂಪಾಯಿಯೂ, ಭೋಗ್ಯಕ್ಕೆ ಹಾಕಿದ ಹಣವೂ ಅಷ್ಟೇ. ಕೆಲವು ವರ್ಷ ಜನರು ಆ್ಯಪ್‌ಗಳ ಮೂಲಕ ಕ್ರೆಡಿಟ್ ಕಾರ್ಡಿನಿಂದ ಬಾಡಿಗೆ ಕಟ್ಟುತ್ತಿದ್ದರು. 2025ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಪಾವತಿ ಮಧ್ಯವರ್ತಿ ಕಂಪನಿಗಳ ನಿಯಮ ಬಿಗಿಗೊಳಿಸಿದ ಮೇಲೆ ಹಲವು ಆ್ಯಪ್‌ಗಳು ಆ ಸೇವೆ ನಿಲ್ಲಿಸಿದವು. ಸಿಗುತ್ತಿದ್ದಾಗಲೂ ಅದು ಜಾಣತನದ ದಾರಿಯಾಗಿರಲಿಲ್ಲ ಎಂದೇ ಹೇಳಬೇಕು: ಶುಲ್ಕದ ಹೊರೆ ಒಂದು ಕಡೆ, ಇಡೀ ಬಾಡಿಗೆ ಕಾರ್ಡಿನ ಮಿತಿಯನ್ನು ನುಂಗಿಹಾಕುವುದು ಇನ್ನೊಂದು ಕಡೆ.

ಬಿಲ್ ಕಟ್ಟದಿದ್ದರೆ ಸ್ಕೋರ್ ಬೀಳುತ್ತದೆಯೇ?

ಕರೆಂಟ್ ಬಿಲ್ ಉಳಿಸಿಕೊಂಡರೆ ಬಡ್ಡಿ ಬೀಳುತ್ತದೆ, ಸಂಪರ್ಕ ಕಡಿತವಾಗುತ್ತದೆ, ಸ್ಕೋರ್ ಇದ್ದಲ್ಲೇ ಇರುತ್ತದೆ. ಪೋಸ್ಟ್‌ಪೇಯ್ಡ್ ಮೊಬೈಲ್, ಲ್ಯಾಂಡ್‌ಲೈನ್ ಮತ್ತು ಬ್ರಾಡ್‌ಬ್ಯಾಂಡ್ ವಿಷಯದಲ್ಲಿ ಇದೇ ಧೈರ್ಯ ಬೇಡ. ಕ್ರೆಡಿಟ್ ವರದಿಯಲ್ಲಿ ಟೆಲಿಕಾಂ ಖಾತೆಗಳಿಗೆಂದೇ ಪ್ರತ್ಯೇಕ ವರ್ಗಗಳಿವೆ, ಕಂಪನಿ ವರದಿ ಮಾಡಿದರೆ ಬಾಕಿ ಅಲ್ಲಿ ಕಾಣಿಸಿಕೊಳ್ಳುತ್ತದೆ.

ಹೆಚ್ಚಿನ ಮನೆಗಳಲ್ಲಿ ತೊಂದರೆ ಬರುವುದು ಇಲ್ಲಿಂದಲೇ. ಸೇವೆ ಚೆನ್ನಾಗಿಲ್ಲವೆಂದು ಸಿಟ್ಟಿನಿಂದ ಸಿಮ್ ಕಿತ್ತುಹಾಕಿ ಕೊನೆಯ ಬಿಲ್ ಬಿಟ್ಟುಬಿಡುವುದು, ಮನೆ ಖಾಲಿ ಮಾಡುವಾಗ ಬ್ರಾಡ್‌ಬ್ಯಾಂಡ್ ಸಂಪರ್ಕವನ್ನು ವಿಧಿವತ್ತಾಗಿ ಮುಚ್ಚಿಸದೆ ಹೊರಟುಬಿಡುವುದು, ತಮ್ಮನಿಗೆಂದು ತನ್ನ ಹೆಸರಿನಲ್ಲಿ ತೆಗೆಸಿಕೊಟ್ಟ ಪೋಸ್ಟ್‌ಪೇಯ್ಡ್ ನಂಬರನ್ನು ಮರೆತೇಬಿಡುವುದು. ₹300ರ ಬಾಕಿ ನಾಲ್ಕು ವರ್ಷದ ನಂತರ ಗೃಹಸಾಲದ ಅಧಿಕಾರಿಯ ಮೇಜಿನ ಮೇಲೆ ‘ರೈಟ್ ಆಫ್’ (ವಸೂಲಾಗದ ಬಾಕಿ) ಎಂಬ ಹಣೆಪಟ್ಟಿ ಹೊತ್ತು ಕಾಣಿಸಿಕೊಂಡರೆ ವಿವರಣೆ ಕೊಡುವುದು ಕಷ್ಟ. ಸಂಪರ್ಕ ಮುಚ್ಚಿಸಿದಾಗ ‘ಬಾಕಿ ಇಲ್ಲ’ ಎಂಬ ಸಂದೇಶವನ್ನೋ ಪತ್ರವನ್ನೋ ಪಡೆದು ಇಟ್ಟುಕೊಳ್ಳಿ. ಮೋಡೆಮ್ ವಾಪಸ್ ಕೊಟ್ಟ ರಸೀದಿಯನ್ನೂ ಬಿಸಾಡಬೇಡಿ.

‘ಈಗ ಕೊಳ್ಳಿ, ಆಮೇಲೆ ಕಟ್ಟಿ’ ಸೌಲಭ್ಯದಲ್ಲಿ ಬಿಲ್ ಕಟ್ಟಬಹುದೇ? ಶಾಲೆಯ ಶುಲ್ಕದ ತಿಂಗಳ ಕಂತು ಕೂಡ ಇದೇ ಜಾತಿಯದೇ?

ಎರಡೂ ಸಾಮಾನ್ಯವಾಗಿ ಸಾಲಗಳೇ. ಆ್ಯಪ್‌ನಲ್ಲಿ ಸಾಲ ಎಂಬ ಪದ ದಪ್ಪ ಅಕ್ಷರದಲ್ಲಿ ಕಾಣದಿರಬಹುದು, ಆದರೆ ಒಪ್ಪಿಗೆ ಕೊಡುವ ಪುಟದ ಕೆಳಗೆ ಒಂದು ಬ್ಯಾಂಕಿನ ಅಥವಾ ಹಣಕಾಸು ಕಂಪನಿಯ ಹೆಸರಿದ್ದರೆ ಅದು ನಿಮ್ಮ ವರದಿಯಲ್ಲಿ ಹೊಸ ಸಾಲದ ಖಾತೆಯಾಗಿ ಕೂರುತ್ತದೆ ಎಂದೇ ತಿಳಿಯಿರಿ. ₹800ರ ಬಿಲ್ಲಿಗಾಗಿ ತೆರೆದ ಇಂಥ ಖಾತೆಯ ಕಂತು ಮರೆತರೂ ವಿಳಂಬವೆಂದೇ ದಾಖಲಾಗುತ್ತದೆ. ಇಂಥ ಚಿಲ್ಲರೆ ಸಾಲಗಳು ನಾಲ್ಕೈದು ಸೇರಿದರೆ ವರದಿ ನೋಡುವವರಿಗೆ ಒಳ್ಳೆಯ ಅಭಿಪ್ರಾಯ ಮೂಡುವುದಿಲ್ಲ.

ಶಾಲೆಗಳ ವಿಷಯ ಇನ್ನೂ ನಾಜೂಕು. ವರ್ಷದ ಶುಲ್ಕವನ್ನು ಹನ್ನೆರಡು ಕಂತಿನಲ್ಲಿ ಕಟ್ಟಬಹುದು ಎಂದು ಶಾಲೆಯವರು ಹೇಳಿದಾಗ, ಕಂತು ಶಾಲೆಗೇ ಹೋಗುತ್ತದೆಯೋ ಅಥವಾ ಹಣಕಾಸು ಕಂಪನಿಯೊಂದು ಶಾಲೆಗೆ ಪೂರ್ತಿ ಹಣ ಕೊಟ್ಟು ನಿಮ್ಮಿಂದ ವಸೂಲಿ ಮಾಡುತ್ತದೆಯೋ ಎಂದು ಕೇಳಿ. ಎರಡನೆಯದಾದರೆ, ಮಗುವನ್ನು ನಡುವೆ ಬೇರೆ ಶಾಲೆಗೆ ಸೇರಿಸಿದರೂ ಕಂತು ನಿಲ್ಲಿಸುವಂತಿಲ್ಲ. ಜಗಳ ಶಾಲೆಯೊಂದಿಗೆ, ಸಾಲ ಮಾತ್ರ ನಿಮ್ಮ ಪ್ಯಾನ್ ಮೇಲೆ. ಕೋಚಿಂಗ್ ಮತ್ತು ಕಂಪ್ಯೂಟರ್ ತರಬೇತಿ ಸಂಸ್ಥೆಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಗೃಹಜ್ಯೋತಿಯಿಂದ ನಮ್ಮ ಮನೆಗೆ ಶೂನ್ಯ ಬಿಲ್ ಬರುತ್ತದೆ. ಇದರಿಂದ ನಷ್ಟವೇ?

ಯಾವ ನಷ್ಟವೂ ಇಲ್ಲ. 2023ರಿಂದ ಜಾರಿಯಲ್ಲಿರುವ ಈ ಯೋಜನೆಗೂ ಸ್ಕೋರ್‌ಗೂ ಸಂಬಂಧವಿಲ್ಲ. ಕಾರ್ಡಿಗೆ ಹಾಕಲು ಕರೆಂಟ್ ಬಿಲ್ ಇಲ್ಲದಿದ್ದರೆ ಮೊಬೈಲ್ ರೀಚಾರ್ಜ್ ಇದೆ, ದಿನಸಿ ಇದೆ.

ಆಸ್ತಿ ತೆರಿಗೆ, ಎಲ್‌ಐಸಿ ಕಂತು, ಚೀಟಿ, ಚಿನ್ನದ ಸಾಲ?

ಆಸ್ತಿ ತೆರಿಗೆ ಮತ್ತು ವಿಮಾ ಕಂತು ಸೇರುವುದಿಲ್ಲ. ಚೀಟಿಯ ಕಂತು ಎಷ್ಟು ಪ್ರಾಮಾಣಿಕವಾಗಿ ಕಟ್ಟಿದರೂ ಸಾಮಾನ್ಯವಾಗಿ ವರದಿಗೆ ಬರುವುದಿಲ್ಲ, ಕೈಸಾಲವಂತೂ ಬರುವ ಮಾತೇ ಇಲ್ಲ. ಬ್ಯಾಂಕ್ ಅಥವಾ ಹಣಕಾಸು ಕಂಪನಿಯಲ್ಲಿ ಇಟ್ಟ ಚಿನ್ನದ ಸಾಲ ಬರುತ್ತದೆ; ಬಡ್ಡಿ ಕಟ್ಟುವ ದಿನ ಮರೆತರೆ ‘ಚಿನ್ನ ಅವರ ಹತ್ತಿರವೇ ಇದೆಯಲ್ಲ’ ಎಂಬ ಸಮಾಧಾನ ಸ್ಕೋರ್‌ಗೆ ತಿಳಿಯದು. ಇನ್ನೊಬ್ಬರ ಸಾಲಕ್ಕೆ ಹಾಕಿದ ಜಾಮೀನು ಸಹ ನಿಮ್ಮ ವರದಿಯಲ್ಲಿ ಇರುತ್ತದೆ.

ಬಿಲ್‌ಗಳನ್ನು ಆಟೊ ಡೆಬಿಟ್‌ಗೆ ಹಾಕುವುದು ಒಳ್ಳೆಯದೇ?

ಒಳ್ಳೆಯದು, ಒಂದು ಎಚ್ಚರಿಕೆಯೊಂದಿಗೆ. ಮೊದಲು ಆಟೊ ಡೆಬಿಟ್‌ಗೆ ಹಾಕಬೇಕಾದದ್ದು ಕಾರ್ಡಿನ ಬಿಲ್ಲನ್ನು. ಕರೆಂಟ್, ಮೊಬೈಲ್ ಎಲ್ಲ ಆಮೇಲೆ. ಆ ನಮೂನೆಯಲ್ಲಿ ಪೂರ್ತಿ ಬಾಕಿ ಮತ್ತು ಕನಿಷ್ಠ ಬಾಕಿ ಎಂಬ ಎರಡು ಆಯ್ಕೆಗಳಿರುತ್ತವೆ. ಗಮನವಿಡದೆ ಕನಿಷ್ಠ ಬಾಕಿಗೆ ಗುರುತು ಹಾಕಿ, ಎಲ್ಲವೂ ತಾನಾಗಿ ಕಟ್ಟಿಹೋಗುತ್ತಿದೆ ಎಂದು ನೆಮ್ಮದಿಯಿಂದ ಇದ್ದು, ಬಡ್ಡಿ ಕಂಡಾಗ ಬೆಚ್ಚಿಬೀಳುವವರು ಕಡಿಮೆಯಿಲ್ಲ. ಇ-ಮ್ಯಾಂಡೇಟ್ (ಆಟೊ ಡೆಬಿಟ್‌ಗೆ ಮೊದಲೇ ಆನ್‌ಲೈನ್‌ನಲ್ಲಿ ಕೊಡುವ ಒಪ್ಪಿಗೆ) ಮೂಲಕ ₹15,000ವರೆಗಿನ ಮರುಕಳಿಸುವ ಪಾವತಿಗಳಿಗೆ, ಕಾರ್ಡ್ ಬಿಲ್ ಪಾವತಿಯಾದರೆ ₹1 ಲಕ್ಷದವರೆಗೆ, ಪ್ರತಿ ಸಾರಿ ಒಟಿಪಿ ಬೇಕಿಲ್ಲ. ಹಣ ಕಡಿತಕ್ಕೆ 24 ಗಂಟೆ ಮೊದಲು ಸಂದೇಶ ಬರಬೇಕು. ಆ ಸಂದೇಶ ಬಂದ ದಿನ ಖಾತೆಯಲ್ಲಿ ಹಣ ಇದೆಯೇ ಎಂದು ನೋಡುವ ಅಭ್ಯಾಸವಾದರೆ ಬೇರೆ ಜ್ಞಾಪನೆ ಬೇಕಾಗುವುದಿಲ್ಲ.

ಕಾರ್ಡಿನಿಂದ ಬಿಲ್ ಕಟ್ಟಿದರೆ ಹೆಚ್ಚುವರಿ ಶುಲ್ಕ ಇರುತ್ತದೆಯೇ?

ಹಲವು ಕಡೆ ಇರುತ್ತದೆ. ಆ್ಯಪ್‌ಗಳು ಪ್ಲಾಟ್‌ಫಾರ್ಮ್ ಶುಲ್ಕವೆಂದು ಕೆಲವು ರೂಪಾಯಿ ಸೇರಿಸುತ್ತವೆ; ಕೆಲವು ಬ್ಯಾಂಕುಗಳು ತಿಂಗಳಲ್ಲಿ ಒಂದು ಮಿತಿ ಮೀರಿದ ಬಿಲ್ ಪಾವತಿಗೆ ಶೇ 1ರಷ್ಟು ಶುಲ್ಕ ಹಾಕುತ್ತವೆ. ಒಂದೇ ಬಿಲ್ಲನ್ನು ಬೆಸ್ಕಾಂ ಜಾಲತಾಣದಲ್ಲಿ, ಬ್ಯಾಂಕಿನ ಆ್ಯಪ್‌ನಲ್ಲಿ, ಭಾರತ್ ಬಿಲ್‌ಪೇ ಇರುವ ಬೇರೊಂದು ಆ್ಯಪ್‌ನಲ್ಲಿ ಕಟ್ಟುವಾಗ ಕೊನೆಯ ಪುಟದ ಮೊತ್ತ ಬೇರೆಬೇರೆ ಇರಬಹುದು. ಇತಿಹಾಸ ಬೆಳೆಸಲು ದೊಡ್ಡ ಮೊತ್ತ ಬೇಕಿಲ್ಲವಾದ್ದರಿಂದ ಶುಲ್ಕವಿಲ್ಲದ ಒಂದೆರಡು ಬಿಲ್‌ಗಳನ್ನಷ್ಟೇ ಕಾರ್ಡಿಗೆ ಹಾಕಿದರೂ ಉದ್ದೇಶ ಈಡೇರುತ್ತದೆ.

ಬ್ಯಾಂಕಿನವರು ನನ್ನ ಬಿಲ್ ಪಾವತಿಗಳನ್ನು ಬೇರೆ ದಾರಿಯಲ್ಲಿ ನೋಡುವುದುಂಟೇ?

ಉಂಟು, ಹಾಗಾಗಿ ಉಳಿತಾಯ ಖಾತೆಯಿಂದ ಕಟ್ಟುವವರು ನಿರಾಶರಾಗಬೇಕಿಲ್ಲ. ಸಾಲದ ಅರ್ಜಿಯ ಜೊತೆ ಆರು ತಿಂಗಳ ಅಥವಾ ವರ್ಷದ ಸ್ಟೇಟ್‌ಮೆಂಟ್ ಕೇಳುತ್ತಾರಲ್ಲ, ಅದರಲ್ಲಿ ಬಾಡಿಗೆ, ಕರೆಂಟ್, ಶಾಲೆ ಶುಲ್ಕ ಎಲ್ಲ ಕಾಣುತ್ತದೆ. 2021ರಿಂದ ಅಕೌಂಟ್ ಅಗ್ರಿಗೇಟರ್ ವ್ಯವಸ್ಥೆಯೂ ಬಳಕೆಗೆ ಬಂದಿದ್ದು, ನಿಮ್ಮ ಒಪ್ಪಿಗೆಯ ಮೇರೆಗೆ, ನೀವು ಒಪ್ಪಿದ ಅವಧಿಯ ಲೆಕ್ಕ ಮಾತ್ರ ಸಾಲ ಕೊಡುವವರಿಗೆ ನೇರವಾಗಿ ತಲುಪುತ್ತದೆ. ಇದರಿಂದ ಸ್ಕೋರ್ ಬದಲಾಗದು. ಆದರೆ ಸ್ಕೋರ್ ಇಲ್ಲದವರ ವಿಷಯದಲ್ಲಿ ಅಧಿಕಾರಿಯ ತೀರ್ಮಾನಕ್ಕೆ ಇದು ಆಧಾರವಾಗಬಹುದು. ಬಾಡಿಗೆಯನ್ನು ನಗದಾಗಿ ಕೊಡುವವರಿಗೆ ಈ ಅನುಕೂಲವೂ ಸಿಗುವುದಿಲ್ಲ.

ಒಳ್ಳೆಯ ಸ್ಕೋರ್‌ನಿಂದ ನಿಜಕ್ಕೂ ಎಷ್ಟು ಹಣ ಉಳಿಯುತ್ತದೆ?

ಗೃಹಸಾಲದಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ, ಏಕೆಂದರೆ ಕೆಲವು ಬ್ಯಾಂಕುಗಳು ಬಡ್ಡಿದರವನ್ನೇ ಸ್ಕೋರ್‌ಗೆ ಜೋಡಿಸಿವೆ. ₹50 ಲಕ್ಷದ 20 ವರ್ಷದ ಸಾಲಕ್ಕೆ ಶೇ 8.5ರ ದರದಲ್ಲಿ ಇಎಂಐ ಸುಮಾರು ₹43,391; ಶೇ 9ಕ್ಕೆ ಸುಮಾರು ₹44,986. ದರ ಹಾಗೆಯೇ ಉಳಿದರೆ ಈ ಅರ್ಧ ಪರ್ಸೆಂಟ್ ವ್ಯತ್ಯಾಸ 20 ವರ್ಷದಲ್ಲಿ ₹3.8 ಲಕ್ಷ ಮೀರುತ್ತದೆ. 750ರ ಮೇಲಿದ್ದರೆ ಸಾಮಾನ್ಯವಾಗಿ ಒಳ್ಳೆಯ ಸ್ಕೋರ್ ಎಂದು ಪರಿಗಣಿಸುತ್ತಾರೆ. 780 ಇದ್ದವರು 840 ಮಾಡಿಕೊಳ್ಳಲು ಒದ್ದಾಡುವುದರಲ್ಲಿ ಅರ್ಥವಿಲ್ಲ.

ನನ್ನ ವರದಿಯನ್ನು ಎಲ್ಲಿ ನೋಡಲಿ? ನೋಡಿದರೆ ಸ್ಕೋರ್ ಇಳಿಯುತ್ತದೆಯಂತಲ್ಲ?

ನಿಮ್ಮ ವರದಿಯನ್ನು ನೀವೇ ನೋಡಿದರೆ ಇಳಿಯುವುದಿಲ್ಲ. ನೀವು ಸಾಲಕ್ಕೆ ಅರ್ಜಿ ಹಾಕಿ, ಬ್ಯಾಂಕ್ ನೋಡಿದಾಗ ಮಾತ್ರ ಅದು ವಿಚಾರಣೆ ಎಂದು ದಾಖಲಾಗುತ್ತದೆ. ಒಂದೇ ವಾರದಲ್ಲಿ ಆರು ಕಡೆ ಅರ್ಜಿ ಹಾಕಿದರೆ ಪರಿಣಾಮ ಕಾಣಬಹುದು. ನಾಲ್ಕು ಕಂಪನಿಗಳೂ ವರ್ಷಕ್ಕೊಮ್ಮೆ ಸ್ಕೋರ್ ಸಹಿತ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಮೂರು ತಿಂಗಳಿಗೊಂದು ಕಂಪನಿಯಂತೆ ಕೇಳಿದರೆ ವರ್ಷವಿಡೀ ಖರ್ಚಿಲ್ಲದೆ ಕಣ್ಣಿಟ್ಟಂತಾಗುತ್ತದೆ. ಅವರವರ ಜಾಲತಾಣಕ್ಕೇ ಹೋಗಿ. ಉಚಿತ ಎಂಬ ಸಾಲು ಕೆಲವೊಮ್ಮೆ ಹಣ ಕೇಳುವ ಯೋಜನೆಗಳ ಕೆಳಗೆ ಚಿಕ್ಕದಾಗಿ ಇರುತ್ತದೆ, ತಾಳ್ಮೆಯಿಂದ ಹುಡುಕಬೇಕು.

ಪೂರ್ತಿ ತೀರಿಸಿದ ಬಾಕಿ ಇನ್ನೂ ವರದಿಯಲ್ಲಿದೆ. ಏನು ಮಾಡಲಿ?

ಮೊದಲು ಅದು ‘ಕ್ಲೋಸ್ಡ್’ ಎಂದಿದೆಯೋ ‘ಸೆಟಲ್ಡ್’ ಎಂದಿದೆಯೋ ನೋಡಿ. ಬಾಕಿಯ ಒಂದು ಭಾಗ ಮಾತ್ರ ಕಟ್ಟಿ ರಾಜಿ ಮಾಡಿಕೊಂಡಿದ್ದರೆ ‘ಸೆಟಲ್ಡ್’ ಎಂದೇ ಬರುತ್ತದೆ, ಅದು ತಪ್ಪಲ್ಲ. ಪೂರ್ತಿ ಕಟ್ಟಿಯೂ ಹಾಗೆ ಬಂದಿದ್ದರೆ, ಅಥವಾ ನಿಮ್ಮದಲ್ಲದ ಖಾತೆ ಸೇರಿಕೊಂಡಿದ್ದರೆ, ಆ ಕ್ರೆಡಿಟ್ ಮಾಹಿತಿ ಕಂಪನಿಯ ಜಾಲತಾಣದಲ್ಲಿ ತಕರಾರು ದಾಖಲಿಸಿ, ರಸೀದಿಯನ್ನು ಸಾಲ ಕೊಟ್ಟ ಸಂಸ್ಥೆಗೂ ಕಳುಹಿಸಿ. 30 ದಿನದೊಳಗೆ ಬಗೆಹರಿಯದಿದ್ದರೆ ಆಮೇಲಿನ ಪ್ರತಿ ದಿನಕ್ಕೆ ₹100ರಂತೆ ಪರಿಹಾರ ಪಡೆಯುವ ಹಕ್ಕು ದೂರುದಾರರಿಗಿದೆ. ಅಲ್ಲೂ ಸ್ಪಂದನೆ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲಿ ದೂರು ಕೊಡಬಹುದು, ಇದಕ್ಕಾಗಿ ನೃಪತುಂಗ ರಸ್ತೆಯ ಕಚೇರಿಯವರೆಗೆ ಅಲೆಯಬೇಕಿಲ್ಲ. 14448 ಸಂಖ್ಯೆಗೆ ಕರೆ ಮಾಡಿದರೆ ಮಾರ್ಗದರ್ಶನ ಸಿಗುತ್ತದೆ.

₹5,000 ಕೊಟ್ಟರೆ ಒಂದೇ ತಿಂಗಳಲ್ಲಿ ಸ್ಕೋರ್ ಸರಿಮಾಡಿಸಿಕೊಡುತ್ತೇನೆ ಎಂದು ಒಬ್ಬ ಏಜೆಂಟ್ ಹೇಳುತ್ತಿದ್ದಾರೆ. ನಂಬಬಹುದೇ?

ನಂಬಬೇಡಿ. ನಿಜವಾದ ವಿಳಂಬದ ದಾಖಲೆಯನ್ನು ಅಳಿಸುವ ಅಧಿಕಾರ ಯಾವ ಏಜೆಂಟರಿಗೂ ಇಲ್ಲ. ತಪ್ಪು ದಾಖಲೆಯಾದರೆ ಮೇಲೆ ಹೇಳಿದ ತಕರಾರನ್ನು ನೀವೇ ಉಚಿತವಾಗಿ ಸಲ್ಲಿಸಬಹುದು. ಅವರು ಮಾಡುವುದೂ ಅದನ್ನೇ. ಅದರಲ್ಲೂ ಪ್ಯಾನ್, ಆಧಾರ್ ಪ್ರತಿ ಮತ್ತು ಮೊಬೈಲಿಗೆ ಬಂದ ಒಟಿಪಿ ಕೇಳುವವರಿಂದ ದೂರವಿರಿ, ಏಕೆಂದರೆ ಅಷ್ಟು ಸಿಕ್ಕರೆ ನಿಮ್ಮ ಹೆಸರಿನಲ್ಲಿ ಆ್ಯಪ್ ಸಾಲವೊಂದನ್ನು ಎತ್ತಲು ಅವರಿಗೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಈಗಾಗಲೇ ಕೊಟ್ಟಿದ್ದರೆ ಈ ವಾರವೇ ನಾಲ್ಕೂ ಕಂಪನಿಗಳ ವರದಿ ತರಿಸಿ, ನಿಮಗೆ ಗೊತ್ತಿಲ್ಲದ ಖಾತೆ ಅಥವಾ ವಿಚಾರಣೆ ಇದೆಯೇ ಎಂದು ಸಾಲು ಸಾಲಾಗಿ ನೋಡಿ.